ಸಂತನ ಪಾದದಲ್ಲಿದ್ದ ಮೊಳೆ

ತಂದೆಯ, ಮಗನ, ಪವಿತ್ರಾತ್ಮನ ನಾಮದಲ್ಲಿ. ಹಿಮವನ್ನು ಮಲೆಯ ನೆತ್ತಿಯಲ್ಲಿರಿಸಿ, ಕರಗಿದಷ್ಟನ್ನೇ ಕೆಳಗೆ ಕಳುಹುವ ಕರ್ತನಿಗೆ ತಲೆಬಾಗಿ. ನೇಗಿಲು ಹಿಡಿದ ಸಂತ ಇಸಿದ್ರೊನನ್ನು ನೆನೆದು.

ಪಿಯೆದ್ರ ಆಲ್ತ, ಪ್ರಭು ಅವತರಿಸಿದ ಸಾವಿರದ ಒಂಬೈನೂರ ಐವತ್ಮೂರನೆಯ ವರ್ಷದ ಜನವರಿ ಹನ್ನೆರಡು, ಸೋಮವಾರ.

ಮಾನ್ಯ ಕೊಂಪಾದ್ರೆ ನಿಕಾನೊರ್ ತೆಹಾದ ಅವರಿಗೆ, ಎವಾರಿಸ್ತೊ ಕೀರೋಗನ ವಂದನೆಗಳು.

ನಿಮ್ಮ ಸಲಾದಿಯೊ ಊರಿಗೆ ನೀರು ಕಡಿಮೆ ಬರುತ್ತಿದೆಯೆಂದು ಲಾರಿಯ ಬೆನಿತೆಸ್ ನಿನ್ನೆ ತಿಳಿಸಿದನು. ಅವನು ಹೇಳಿದ ರೀತಿ ನನಗೆ ಹಿಡಿಸಲಿಲ್ಲ. "ಕೆಳಗಿನ ನೀರುಗಂಟಿ ಕೇಳ್ತಿದ್ದಾರೆ, ಮೇಲಿನ ನೀರುಗಂಟಿಗೆ ಕಣ್ಣು ಮಂಜಾಗಿದೆಯಾ ಅಂತ" ಎಂದು ನಾಲ್ಕು ಜನರೆದುರು ನಕ್ಕನು. ನೀವು ಹಾಗೆ ಕೇಳಿರಲಾರಿರಿ. ನನ್ನ ಮಗಳು ಒತೀಲಿಯಳನ್ನು ಜ್ಞಾನಸ್ನಾನದ ತೊಟ್ಟಿಯ ಬಳಿ ಎತ್ತಿ ಹಿಡಿದು ಅವಳಿಗೆ ಪದ್ರೀನೊ ಎಂಬ ಧರ್ಮಪಿತನೂ ನನಗೆ ಕೊಂಪಾದ್ರೆಯೂ ಆದವರು ನೀವು. ನಮ್ಮ ನಡುವೆ ಲಾರಿಯವನ ನಾಲಿಗೆ ಬೇಕಿಲ್ಲ. ಆದುದರಿಂದ ಬರೆಯುತ್ತಿದ್ದೇನೆ.

ಪ್ರತಿದಿನ ಬೆಳಗ್ಗೆ ಆರಕ್ಕೆ ಎರಡೂ ಊರುಗಳಿಗೆ ನೀರು ಸೀಳುವ ಕಲ್ಲುಕಟ್ಟೆಗೆ ಹೋಗುತ್ತೇನೆ. ನಿಮ್ಮ ಕಾಲುವೆಯ ಅಳತೆಕೋಲಿನ ಮುಂದೆ ಮಂಡಿಯೂರಿ, ಅಲೆ ಅಡಗುವವರೆಗೆ ಮೂರು ನಮೋ ಮರಿಯ ಜಪಿಸಿ, ಆಮೇಲೆ ಗೆರೆಯನ್ನು ಓದುತ್ತೇನೆ. ಅರವತ್ತು ಇದ್ದರೆ ಶಿಲುಬೆಯ ಗುರುತು ಹಾಕಿ ಎದ್ದುಬರುತ್ತೇನೆ. ಇಲ್ಲದಿದ್ದರೆ ನಮ್ಮ ಊರಿನ ತೂಬನ್ನು ಇಳಿಸಿ ಅರವತ್ತು ಮಾಡಿಯೇ ಏಳುತ್ತೇನೆ. ಕಳೆದ ಚಳಿಗಾಲ, ಜುಲೈಯಲ್ಲಿ, ಹೂಳೆತ್ತಿದ ಮೇಲೆ, ಕಾಲುವೆ ಒಣಗಿದ್ದಾಗಲೇ, ಕಟ್ಟೆಯ ಮೇಲಿನ ಗೂಡಿನಲ್ಲಿರುವ ಸಂತನ ಪಾದದ ಬಳಿಯ ಮೊಳೆಯಿಂದ ಕೋಲಿನ ತಲೆಗೆ ದಾರ ಎಳೆದು ರಸಮಟ್ಟ ಇಟ್ಟು ನೋಡಿದ್ದೇನೆ. ದಾರದ ಇನ್ನೊಂದು ತುದಿ ಪಾದ್ರಿಗಳ ಕೈಯಲ್ಲಿತ್ತು. ಕೂದಲೆಳೆಯಷ್ಟೂ ವ್ಯತ್ಯಾಸ ಕಾಣಲಿಲ್ಲ.

ಆದುದರಿಂದ ನಿಮ್ಮ ದಂಡೆಗಳನ್ನು ನೋಡಿಕೊಳ್ಳಿ. ಏಡಿ ಬಿಲ, ಜೊಂಡು, ಸಡಿಲವಾದ ಹಲಗೆ, ಇವೆಲ್ಲ ಕಣ್ಣಿಗೆ ಕಾಣದೆ ಕುಡಿಯುತ್ತವೆ. ನಿಮ್ಮ ಪತ್ನಿ ಕಾಸಿಲ್ದ ಅಮ್ಮನವರಿಗೆ ಒತೀಲಿಯ ಮಾಡಿದ ಮೆಂಬ್ರಿಯೊ ಹಣ್ಣಿನ ಹಲ್ವ ಕಳುಹಿಸಿದ್ದೇನೆ.

ಎವಾರಿಸ್ತೊ


ಸಲಾದಿಯೊ, ಜನವರಿ 24, 1953

ಕೊಂಪಾದ್ರೆ ಎವಾರಿಸ್ತೊ ಅವರಿಗೆ,

ಹಲ್ವ ತಲುಪಿತು. ಕಣ್ಣಿನ ಮಾತನ್ನು ನಾನು ಆಡಿದ್ದು ನಿಜ; ನಾಲ್ಕು ಜನರೆದುರು ಹೇಳೆಂದು ಹೇಳಿರಲಿಲ್ಲ.

ನೀವು ಹೇಳಿದ ಎಲ್ಲವನ್ನೂ ಮಾಡಿ ಮುಗಿಸಿದ್ದೇನೆ. ನಿಮ್ಮ ಕಟ್ಟೆಯಿಂದ ನನ್ನ ತೂಬಿನವರೆಗೆ ಐದು ಹರದಾರಿ ದಂಡೆಯನ್ನು ಗುದ್ದಲಿ ಹೆಗಲಿಗಿಟ್ಟು ಎರಡು ಸಲ ನಡೆದೆ. ಬಿಲವಿಲ್ಲ, ಜೊಂಡಿಲ್ಲ. ನಿಮ್ಮಲ್ಲಿ ಅರವತ್ತು ಇದ್ದಾಗ ನನ್ನ ಕೋಲು ನಲವತ್ತೆಂಟು ತೋರಿಸಬೇಕು. ನಿಮ್ಮ ತಂದೆಯ ಕಾಲದಿಂದ ಹಾಗೆಯೇ ನಡೆದಿದೆ. ಈಗ ಎರಡು ಬೇಸಿಗೆಯಿಂದ ನಲವತ್ತೊಂದು. 1951ರ ಸೆಪ್ಟೆಂಬರಿನಲ್ಲಿ ಭೂಮಿ ನಡುಗಿದ ನಂತರ ಒಂದು ದಿನವೂ ನಲವತ್ತೆರಡಾಗಿಲ್ಲ.

ಕೊನೆಯ ಹೊಲಗಳವರೆಗೆ ಸರದಿ ಮುಟ್ಟುತ್ತಿಲ್ಲ. ಎರಡು ತೂಬುಗಳ ನಡುವೆ ಬೀಗದ ಕೈ ಇರುವುದು ನನ್ನೊಬ್ಬನ ಬಳಿ. ದಾರಿಯಲ್ಲಿ ಒಂದೇ ಒಂದು ದೊಡ್ಡ ಆಲಿವ್ ತೋಟವಿದೆ. ಊರಿನವರು ಎರಡನ್ನೂ ಕೂಡಿಸಿ, ನಾನು ಆ ತೋಟಕ್ಕೆ ನೀರು ಬಿಡುತ್ತಿದ್ದೇನೆಂದರು. ಹಿಟ್ಟಿನ ಗಿರಣಿಯಲ್ಲಿ ದೋನ್ಯ ಪ್ರಾಕ್ಸೆದೆಸ್ ಎಲ್ಲರಿಗೂ ಕೇಳುವ ಹಾಗೆ, "ನಿನ್ ಹೊಟ್ಟೆಯೇನೂ ಅಷ್ಟು ದೊಡ್ಡದಾಗಿಲ್ಲ ನಿಕಾನೊರ್. ಏಳು ಗೆರೆ ನೀರು ಕುಡಿದಿಲ್ಲ ಅಂದ್ರೆ ಮಾರಿರ್ಬೇಕು" ಎಂದಳು. ಜನ ನಕ್ಕರು. ನಾನೂ ನಕ್ಕೆ. ಮಾರ್ಚ್ ಮೂರಕ್ಕೆ ನೀರು ಮಂಡಳಿಯ ವಿಚಾರಣೆ. ಕಳ್ಳನೆಂದು ತೀರ್ಮಾನವಾದರೆ ಬೀಗದ ಕೈ ಹೋಗುವುದು ಸಣ್ಣ ವಿಷಯ. ಈ ಕಣಿವೆಯಲ್ಲಿ ನೀರುಕಳ್ಳನ ಹೆಂಡತಿಗೆ ಅಂಗಡಿಯವನು ಉಪ್ಪು ಸಹ ಕೊಡುವುದಿಲ್ಲ.

ನನ್ನ ಕೇಳಿಕೆ ಒಂದೇ. ಮೊದಲು ಆ ಮೊಳೆ ದೊಡ್ಡ ಬಂಡೆಯಲ್ಲಿತ್ತು. ಹೊಡೆದವರು ನಿಮ್ಮ ತಂದೆ. ಹದಿಮೂರು ವರ್ಷದ ಹಿಂದೆ ಒತೀಲಿಯಳಿಗೆ ಗಂಟಲಮಾರಿಯಿಂದ ಉಸಿರು ಕಟ್ಟಿದಾಗ, ಬದುಕಿದರೆ ಕಾಲುವೆಯ ಮೇಲೆ ಸಂತನಿಗೆ ಗೂಡು ಕಟ್ಟಿಸುವೆನೆಂದು ನೀವು ಹರಕೆ ಹೊತ್ತಿರಿ. ಗೂಡನ್ನು ಕಲ್ಲುಕಟ್ಟೆಯ ಮೇಲೆಯೇ ಕಟ್ಟಿದೆವು. ಅಳತೆ ಸಂತನ ಕಣ್ಣೆದುರಿಗೇ ನಡೆಯಲೆಂದು ಬಂಡೆಯ ಮೊಳೆಯನ್ನು ಕಿತ್ತು ಅವನ ಪಾದದ ಬಳಿ ಹೊಡೆದೆವು. ಇಕ್ಕಳ ಹಿಡಿದು ಕಿತ್ತವನು ನಾನೇ. ಈಗ ಕೋಲು, ಮೊಳೆ, ಸಂತ, ಮೂವರೂ ಒಂದೇ ಕಟ್ಟೆಯ ಮೇಲಿದ್ದಾರೆ. ನಡುಕಕ್ಕೆ ಕಟ್ಟೆ ಕುಸಿದಿದ್ದರೆ ಮೂವರೂ ಜೊತೆಯಾಗಿಯೇ ಇಳಿದಿರುತ್ತಾರೆ. ದಾರ ಎಷ್ಟು ಸಲ ಎಳೆದರೂ ಸರಿಯೆಂದೇ ಹೇಳುತ್ತದೆ. ಕುಸಿದ ಕೋಲಿನಲ್ಲಿ ಅರವತ್ತು ಕಂಡರೂ ನೀರು ಅರವತ್ತಿರುವುದಿಲ್ಲ. ಬಂಡೆಯ ಹಳೆಯ ತೂತು ಇನ್ನೂ ಇದೆ. ಒಮ್ಮೆ ಅಲ್ಲಿಂದ ದಾರ ಎಳೆದು ನೋಡಿ. ಅರ್ಧ ಗಂಟೆಯ ಕೆಲಸ.

ಇಷ್ಟು ವರ್ಷ ಕಾಣಿಕೆ ತಿಂದು ಸಂತನೂ ತುಸು ಭಾರವಾಗಿದ್ದಾನು, ಅವನ ಮೇಲೆ ನನಗೇನೂ ಸಿಟ್ಟಿಲ್ಲ.

ನಿಕಾನೊರ್


ಪಿಯೆದ್ರ ಆಲ್ತ, ಫೆಬ್ರವರಿ 5, 1953

ಮಾನ್ಯ ಕೊಂಪಾದ್ರೆಯವರಿಗೆ,

ನಿಮ್ಮ ಪತ್ರದ ಕೊನೆಯ ಸಾಲನ್ನು ಒತೀಲಿಯಳಿಗೆ ಓದಿ ಹೇಳಲು ನನಗೆ ನಾಚಿಕೆಯಾಯಿತು. ಅವಳು ಉಸಿರಾಡುತ್ತಿರುವುದು ಆ ಸಂತನ ಅನುಗ್ರಹದಿಂದ. ಅವನ ಗೂಡು ಅಳತೆಯನ್ನು ಕೆಡಿಸಿತೆಂದು ಬೇರೊಬ್ಬನು ಬರೆದಿದ್ದರೆ ಆ ಕಾಗದವನ್ನು ಒಲೆಗೆ ಹಾಕುತ್ತಿದ್ದೆನು.

ಪಾದ್ರಿಗಳು ಕೈಯಾರೆ ಹಿಡಿದ ದಾರವನ್ನು ಸುಳ್ಳೆಂದು ಭಾವಿಸಿ, ಹಳೆಯ ತೂತೊಂದನ್ನು ಸಾಕ್ಷಿಗೆ ಕರೆಯಲಾರೆನು. ಕಟ್ಟೆಯಲ್ಲಿ ಒಂದು ಬಿರುಕೂ ಇಲ್ಲ. ಪ್ರತಿ ಈಸ್ಟರಿಗೂ ನಾನೇ ಸುಣ್ಣ ಬಳಿಯುತ್ತೇನೆ. ಇದ್ದರೆ ನನಗೆ ಕಾಣದಿರುತ್ತಿತ್ತೆ?

ಒಂದು ಮಾತು ಹೇಳುತ್ತೇನೆ. ಅಣ್ಣನೊಬ್ಬನು ಹೇಳಿದನೆಂದು ತಿಳಿಯಿರಿ. ಮನುಷ್ಯನಿಗೆ ಇಕ್ಕಟ್ಟುಗಳು ಬರುತ್ತವೆ. ನೆರೆಯವನು ಬೇಡಿದನೆಂದು ಎಂದಾದರೊಂದು ದಿನ ಹಲಗೆಯನ್ನು ಎತ್ತಿದ್ದರೆ ಅದನ್ನು ದೇವರ ಮುಂದೆ ಒಪ್ಪಿಕೊಳ್ಳುವುದರಲ್ಲಿ ಅವಮಾನವಿಲ್ಲ. ಅವನ ಕರುಣೆಗೆ ಗೆರೆಗಳಿಲ್ಲ. ಮಂಡಳಿಯವರು ನನ್ನನ್ನೂ ಕರೆದಿದ್ದಾರೆ. ಪುಸ್ತಕದಲ್ಲಿ ಬರೆದುದಕ್ಕಿಂತ ಒಂದಕ್ಷರ ಹೆಚ್ಚಾಗಿಯೂ ಕಡಿಮೆಯಾಗಿಯೂ ಹೇಳಲಾರೆನು. ನಿಮಗಾಗಿ ಪ್ರಾರ್ಥಿಸುತ್ತಿದ್ದೇನೆ.

ಎವಾರಿಸ್ತೊ


ಸಲಾದಿಯೊ, ಫೆಬ್ರವರಿ 11, 1953

ಕೊಂಪಾದ್ರೆ,

ನಾನು ಕೇಳಿದ್ದು ಕ್ಷಮೆಯನ್ನಲ್ಲ, ದಾರವನ್ನು.

ನಿಕಾನೊರ್


ಪಿಯೆದ್ರ ಆಲ್ತ, ಮಾರ್ಚ್ 9, 1953

ಮಾನ್ಯ ಕೊಂಪಾದ್ರೆಯವರಿಗೆ,

ಮಂಡಳಿಯ ತೀರ್ಮಾನವನ್ನು ಕೇಳಿ ಮನೆಗೆ ಹೇಗೆ ಬಂದೆನೆಂಬುದು ನನಗೆ ನೆನಪಿಲ್ಲ. ಬೀಗದ ಕೈಗೊಂಚಲನ್ನು ನೀವು ಮೇಜಿನ ಮೇಲೆ ಇಟ್ಟ ಸದ್ದು ಮಾತ್ರ ಇನ್ನೂ ಕಿವಿಯಲ್ಲಿದೆ. ನನ್ನ ಮೇಲೆ ಮುನಿಯಬೇಡಿ. ಅಳತೆಕೋಲು ಮೊಳೆಗೆ ಸರಿಯಾಗಿದೆಯೇ ಎಂದು ಅವರು ಕೇಳಿದರು. ಸರಿಯಾಗಿದೆಯೆಂದು ಸುವಾರ್ತೆಯ ಮೇಲೆ ಕೈಯಿಟ್ಟು ಹೇಳಿದೆನು. ಕೇಳಿದ್ದಕ್ಕೆ ಉತ್ತರಿಸಿದೆನು.

ನಿಮ್ಮ ಮನೆಗೆ ತೊಂದರೆಯಾಗದಿರಲೆಂದು ಬೆನಿತೆಸನ ಕೈಯಲ್ಲಿ ಎರಡು ಚೀಲ ಅಕ್ರೋಟು, ಒಂದು ಚೀಲ ಜೋಳದ ಹಿಟ್ಟು, ಆಡಿನ ಗಿಣ್ಣಿನ ಎಂಟು ಬಿಲ್ಲೆಗಳನ್ನು ಕಳುಹಿಸಿದ್ದೇನೆ. ತಿಂಗಳು ತಿಂಗಳು ಕಳುಹಿಸುವೆನು. ಕಾಸಿಲ್ದ ಅಮ್ಮನವರು ಬೇಡವೆನ್ನದಿರಲಿ.

ಎವಾರಿಸ್ತೊ


ಸಲಾದಿಯೊ, ಏಪ್ರಿಲ್ 20, 1953

ಕೊಂಪಾದ್ರೆ ಎವಾರಿಸ್ತೊ ಅವರಿಗೆ,

ಚೀಲಗಳು ಬಂದವು, ಎರಡನೆಯ ಸಲದ್ದೂ ಬಂದಿತು. ನಮಗೆ ಅಂಗಡಿ ಮುಚ್ಚಿಹೋಗಿರುವುದರಿಂದ ನಿಮ್ಮ ಹಿಟ್ಟಿನಲ್ಲೇ ದಿನ ಸಾಗುತ್ತಿದೆ. "ಅಷ್ಟೊಂದು ಯಾಕೆ ಕಳಿಸ್ತಾರೆ ಆ ಮನುಷ್ಯ? ನನಗ್ಯಾಕೋ ಗಂಟಲಲ್ಲಿ ಇಳಿಯಲ್ಲ" ಎಂದು ಕಾಸಿಲ್ದ ಗೊಣಗಿದಳು. ನಾನು ಗದರಿಸಿದೆ. ವಿಚಾರಣೆಯ ದಿನ ನೀವು ನನ್ನ ಮುಖ ನೋಡಲಿಲ್ಲ. ಅದನ್ನು ಸಂಕಟವೆಂದೇ ತಿಳಿದಿದ್ದೇನೆ. ನಂಬಿದ್ದನ್ನು ಹೇಳಿದಿರಿ. ನಂಬಿಕೆ ತಪ್ಪಾಗಿದ್ದರೆ ಅದು ಪಾಪವಲ್ಲ ಎಂದು ಅವಳಿಗೂ ಹೇಳಿದೆ.

ಇಲ್ಲಿಯ ವಿನೋದವನ್ನು ಕೇಳಿ. ನನ್ನ ಜಾಗಕ್ಕೆ ದೋನ್ಯ ಪ್ರಾಕ್ಸೆದೆಸಳ ಸೋದರಳಿಯನು ಬಂದ. ಮೊದಲ ದಿನ ಅವನ ಕೋಲು ತೋರಿಸಿದ್ದು ನಲವತ್ತೊಂದು. ಎರಡನೆಯ ದಿನವೂ ಅಷ್ಟೇ. ಮೂರನೆಯ ದಿನ ಊರವರು ಸೇರಿ ಯೋಚಿಸಿದರು. ಕಳ್ಳನನ್ನು ಓಡಿಸಿದರೂ ಕಳವು ನಿಂತಿಲ್ಲವಾದರೆ, ಅವನು ನೆಲದಡಿ ಕೊಳವೆ ಹೂತಿರಬೇಕೆಂದು ತೀರ್ಮಾನಿಸಿದರು. ಪವಿತ್ರ ವಾರ ಮುಗಿದ ಸೋಮವಾರ ಹನ್ನೊಂದು ಜನ ಗುದ್ದಲಿ ಹಿಡಿದು ನನ್ನ ಹಿತ್ತಿಲಿಗೆ ಬಂದರು. ಅಂಜೂರದ ಮರದ ಬುಡದಲ್ಲಿ ಮಣ್ಣು ತೇವವಿತ್ತು. ಕಾಸಿಲ್ದ ಪಾತ್ರೆ ತೊಳೆದ ನೀರನ್ನು ಅಲ್ಲಿಗೇ ಚೆಲ್ಲುತ್ತಾಳೆ. ಅಷ್ಟೇ ಸಾಕಾಯಿತು. ಆಳುದ್ದ ತೋಡಿದರು. ಬೇರುಗಳನ್ನು ಕೊಳವೆಯೆಂದು ಭ್ರಮಿಸಿ ಒಂದೊಂದಾಗಿ ಕಡಿದರು. ಕಾಸಿಲ್ದ ಬಾಗಿಲಲ್ಲಿ ಕುಳಿತು ನೋಡುತ್ತಿದ್ದಳು. ಕಡೆಗೆ, "ತೋಡಿ ಮುಗೀತಾ? ಹಾಗಾದ್ರೆ ನನ್ನೂ ಅದ್ರಲ್ಲೇ ಮುಚ್ಚಿಬಿಡಿ, ಎರಡು ಸಲ ಬರೋ ಶ್ರಮ ತಪ್ಪುತ್ತೆ" ಎಂದಳು. ಗುದ್ದಲಿಗಳನ್ನು ಎತ್ತಿಕೊಂಡು ಹೋದರು. ಗುಂಡಿಯನ್ನು ಮುಚ್ಚಲೂ ಇಲ್ಲ. ಮರ ಒಣಗುತ್ತಿದೆ.

ಮೇ ಹದಿನೈದರ ಸಂತನ ಹಬ್ಬಕ್ಕೆ ಮೇಲೆ ಬರಬೇಕೆಂದಿದ್ದೇನೆ. ಒತೀಲಿಯಳನ್ನು ನೋಡಿ ಒಂದು ವರ್ಷವಾಯಿತು.

ನಿಕಾನೊರ್


ಪಿಯೆದ್ರ ಆಲ್ತ, ಮೇ 4, 1953

ಮಾನ್ಯ ಕೊಂಪಾದ್ರೆಯವರಿಗೆ,

ಈ ವರ್ಷ ಹಬ್ಬಕ್ಕೆ ಬರುವ ಶ್ರಮ ತೆಗೆದುಕೊಳ್ಳಬೇಡಿ. ದಾರಿ ಕೆಟ್ಟಿದೆ, ಇಲ್ಲಿಯೂ ಜನರು ಒಂದಿಲ್ಲೊಂದು ಮಾತನಾಡುತ್ತಾರೆ, ನಿಮ್ಮ ಮನಸ್ಸು ನೊಂದೀತು. ಒತೀಲಿಯಳ ಆರೋಗ್ಯವೂ ಅಷ್ಟು ಸರಿಯಿಲ್ಲ, ಹೆಚ್ಚು ಮಾತನಾಡುವುದಿಲ್ಲ. ಅಂಜೂರದ ಮರಕ್ಕಾಗಿ ವ್ಯಥೆಪಟ್ಟೆನು. ಬೇಕಾದರೆ ನಮ್ಮ ಮರದ ಟೊಂಗೆಯನ್ನು ನೆಡಲು ಕಳುಹಿಸುವೆನು. ಅಕ್ರೋಟು ಈ ಸಲ ಮೂರು ಚೀಲವಿದೆ.

ಎವಾರಿಸ್ತೊ


ಸಲಾದಿಯೊ, ಮೇ 18, 1953

ಎವಾರಿಸ್ತೊ,

ದಾರಿ ಚೆನ್ನಾಗಿಯೇ ಇತ್ತು. ಹಬ್ಬದ ದಿನ ನೀನು ಸಂತನ ಪಲ್ಲಕ್ಕಿಗೆ ಹೆಗಲು ಕೊಟ್ಟು ಊರು ಸುತ್ತುತ್ತಿದ್ದಾಗ ನಾನು ದೊಡ್ಡ ಬಂಡೆಯನ್ನು ಹತ್ತಿದೆ. ಅರವತ್ತು ವರ್ಷದ ಮಂಡಿಗೆ ಅದು ಸುಲಭವಲ್ಲ. ಹಳೆಯ ತೂತಿನಲ್ಲಿ ಹೊಸ ಮರದ ಬೆಣೆ ಇತ್ತು. ಬೆಣೆಗೆ ನೀಲಿ ದಾರದ ತುಂಡು ಸಿಕ್ಕಿಕೊಂಡಿತ್ತು. ಬಟ್ಟೆಯ ನೀಲಿಯಲ್ಲಿ ಅದ್ದಿದ ದಾರದಿಂದ ಅಳೆಯುವವನು ಈ ಕಣಿವೆಯಲ್ಲಿ ಒಬ್ಬನೇ.

ಕೆಳಗಿಳಿದಾಗ ಒತೀಲಿಯ ನಿಂತಿದ್ದಳು. ನನ್ನ ಕೈಯಲ್ಲಿದ್ದ ದಾರವನ್ನು ನೋಡಿ ಅವಳ ಮುಖ ಬಿಳಿಚಿತು. ಅವಳಾಗಿಯೇ ಹೇಳಿದಳು: "ಕಾರ್ನಿವಲ್ ಸೋಮವಾರ, ಪದ್ರೀನೊ. ಎಲ್ಲರೂ ನೀರೆರಚಾಡ್ತಿದ್ರು. ಅಪ್ಪ ನನ್ನ ಕರ್ಕೊಂಡು ಬಂದ. ಈ ತುದಿ ನಾನೇ ಹಿಡ್ದಿದ್ದೆ. ಕೋಲು ನಾಲ್ಕು ಬೆರಳು ಕೆಳಗಿತ್ತು. ಅಪ್ಪ ಎರಡು ಸಲ ಅಳ್ದ. ಆಮೇಲೆ, ಯಾರ್ಗೂ ಹೇಳಬೇಡ, ನಿನ್ನ ಪ್ರಾಣದ ಹರಕೆ ಇದು ಅಂದ."

ಕಾರ್ನಿವಲ್ ಸೋಮವಾರ ಫೆಬ್ರವರಿ ಹದಿನಾರು. ವಿಚಾರಣೆ ಮಾರ್ಚ್ ಮೂರು. ನಡುವೆ ಹದಿನೈದು ದಿನ. ಕೋಲು ಮೊಳೆಗೆ ಸರಿಯೇ ಎಂದು ಅವರು ಕೇಳಿದರು, ಮೊಳೆ ನೆಲಕ್ಕೆ ಸರಿಯೇ ಎಂದು ಕೇಳಲಿಲ್ಲ. ನೀನು ಕೇಳಿದ್ದಕ್ಕೆ ಮಾತ್ರ ಉತ್ತರಿಸಿದೆ. ನಾನು ನಿನ್ನ ಮುಖವನ್ನೇ ನೋಡುತ್ತಿದ್ದೆ. ಅದು ನಿನ್ನ ಸಂಕಟವೆಂದುಕೊಂಡು ಹೆಂಡತಿಯನ್ನು ಗದರಿಸಿದವನೂ ನಾನೇ.

ಮೂರು ಚೀಲಗಳನ್ನು ಬೆನಿತೆಸನ ಲಾರಿಯಲ್ಲೇ ಹಿಂದಕ್ಕೆ ಕಳುಹಿಸಿದ್ದೇನೆ. ಬಿಚ್ಚಿಲ್ಲ.

ಇದನ್ನು ನಾನು ಯಾರಿಗೂ ಹೇಳುವುದಿಲ್ಲ. ಹೇಳಿದರೂ ಕಳ್ಳನ ಮಾತು. ಒತೀಲಿಯಳನ್ನು ಸಾಕ್ಷಿಗೆ ಎಳೆಯುವುದಿಲ್ಲ. ತೊಟ್ಟಿಯ ಬಳಿ ಎತ್ತಿಕೊಂಡ ಮಗುವನ್ನು ಅವಳ ತಂದೆಯ ಎದುರು ನಿಲ್ಲಿಸಲು ನನ್ನಿಂದಾಗದು. ಹೇಳಬೇಕಾದವನು ನೀನು. ಜುಲೈಯಲ್ಲಿ ಹೂಳೆತ್ತಿದ ಮೇಲೆ ಊರೆಲ್ಲ ಕಟ್ಟೆಯ ಬಳಿ ಸೇರುತ್ತದೆ. ದಾರವನ್ನು ಆಗ ಬಂಡೆಗೆ ಕಟ್ಟು. ನನಗೆ ಬೀಗದ ಕೈ ಬೇಡ. ನನ್ನ ಹೆಸರನ್ನು ಎಲ್ಲಿ ಬೀಳಿಸಿದೆಯೋ ಅಲ್ಲಿಂದ ಎತ್ತಿಕೊಡು, ಸಾಕು.

ನಾವು ಹುಡುಗರಾಗಿದ್ದಾಗ ನೀನು ನಾನು ಎಂದೇ ಮಾತಾಡುತ್ತಿದ್ದೆವು. ಕೊಂಪಾದ್ರೆಯಾದ ದಿನದಿಂದ ನೀವು ಎಂದೆವು. ಈ ದಿನದಿಂದ ಅದು ಮುಗಿಯಿತು.

ನಿಕಾನೊರ್ ತೆಹಾದ


ಎಲ್ಲವನ್ನೂ ಕಾಣುವವನ ನಾಮದಲ್ಲಿ, ಕಂಡೂ ಕಾಣದಂತಿದ್ದವನ ಕೈಯಿಂದ.

ಪಿಯೆದ್ರ ಆಲ್ತ, ಪ್ರಭುವಿನ ವರ್ಷ ಸಾವಿರದ ಒಂಬೈನೂರ ಐವತ್ಮೂರು, ಆಗಸ್ಟ್ ಎರಡು, ಭಾನುವಾರ.

ನಿಕಾನೊರ್ ತೆಹಾದ ಅವರಿಗೆ. ಕೊಂಪಾದ್ರೆ ಎಂದು ಬರೆಯಲು ನನಗೆ ಅನುಮತಿಯಿಲ್ಲ. ನೀವು ಎಂಬುದನ್ನು ಮಾತ್ರ ಬಿಡಲಾರೆನು.

ಜುಲೈ ಇಪ್ಪತ್ತೈದರಂದು, ಕೊನೆಯ ಬುಟ್ಟಿ ಹೂಳು ಹೊರಬಿದ್ದ ಮೇಲೆ, ಊರಿನವರೆಲ್ಲ ಒಣ ಕಾಲುವೆಯಲ್ಲಿ ನಿಂತಿದ್ದರು. ಪಾದ್ರಿಗಳು ರೂಢಿಯಂತೆ ದಾರದ ತುದಿಗಾಗಿ ಕೈ ಚಾಚಿದರು. ನಾನು ಕೊಡಲಿಲ್ಲ. ಬಂಡೆಯನ್ನು ಹತ್ತಿದೆನು, ಹಳೆಯ ತೂತಿನಿಂದ ದಾರವನ್ನು ಇಳಿಸಿದೆನು. ರಸಮಟ್ಟವನ್ನು ಹಿಡಿದವಳು ಒತೀಲಿಯ. ದಾರವು ಕೋಲಿನ ತಲೆಗಿಂತ ನಾಲ್ಕು ಬೆರಳು ಮೇಲೆ ನಿಂತಿತು, ಎಲ್ಲರೂ ಕಂಡರು. ಎರಡು ಬೇಸಿಗೆ ಕೆಳಗಿನವರ ಪಾಲಿನಿಂದ ಏಳು ಗೆರೆ ನೀರು ನಮ್ಮ ದ್ರಾಕ್ಷಿಗೆ ಹರಿಯಿತೆಂದೂ, ನಿಕಾನೊರ್ ತೆಹಾದ ಒಂದು ಬೊಗಸೆಯನ್ನೂ ಕದ್ದಿಲ್ಲವೆಂದೂ, ಇದನ್ನು ಅರಿತ ಮೇಲೆಯೇ ನಾನು ಸುವಾರ್ತೆಯ ಮೇಲೆ ಕೈಯಿಟ್ಟೆನೆಂದೂ ಹೇಳಿದೆನು.

ನೆಲ ಬಿರಿಯುವುದೆಂದು ಭಾವಿಸಿದ್ದೆನು. ಹಾಗೇನೂ ಆಗಲಿಲ್ಲ. ಒಬ್ಬನು ಹಿಂದಿನಿಂದ, "ಕಟ್ಟೆ ಕುಸಿದದ್ದು ಸಂತನ ಭಾರಕ್ಕೋ, ನಿಮ್ಮ ಹರಕೆ ಭಾರಕ್ಕೋ?" ಎಂದನು, ಕೆಲವರು ನಕ್ಕರು. ನನ್ನ ವಯಸ್ಸಿನವನೊಬ್ಬನು ಹತ್ತಿರ ಬಂದು ಮೆಲ್ಲಗೆ, "ಅವನು ಹೇಗೂ ಊರು ಬಿಟ್ಟು ಹೋದ. ಈಗ ಯಾಕಪ್ಪ ಹೇಳ್ದೆ? ನೀರು ನಮ್ಮಲ್ಲೇ ಇರ್ತಿತ್ತು" ಎಂದನು. ನೀವು ಊರು ಬಿಟ್ಟಿರೆಂದು ನನಗೆ ತಿಳಿದುದು ಆ ಕ್ಷಣದಲ್ಲಿ.

ಅಂದೇ ಕೋಲನ್ನು ಕಿತ್ತು ನಾಲ್ಕು ಬೆರಳು ಮೇಲಕ್ಕೆ ಕೂರಿಸಿದೆವು. ಸಂತನ ಪಾದದ ಮೊಳೆಯನ್ನು ಕಿತ್ತು ಬಂಡೆಯ ತೂತಿಗೆ ಹೊಡೆದೆವು. ಇಕ್ಕಳ ಹಿಡಿಯಲು ನೀವಿರಲಿಲ್ಲ. ನೀರು ಬಿಟ್ಟ ಮರುದಿನ ದಂಡೆಗುಂಟ ನಡೆದು ಸಲಾದಿಯೊ ತಲುಪಿ, ನಿಮ್ಮ ಕೋಲಿನ ಮುಂದೆ ಮಂಡಿಯೂರಿ ಮೂರು ನಮೋ ಮರಿಯ ಜಪಿಸಿ ಕಣ್ಣು ತೆರೆದೆನು. ನಲವತ್ತೆಂಟು. ಹೊಸ ನೀರುಗಂಟಿ ಪುಸ್ತಕದಲ್ಲಿ ಬರೆದುಕೊಂಡನು.

ನಿಮ್ಮ ಮನೆಗೆ ಬೀಗವಿತ್ತು. ಹಿತ್ತಿಲಿನಲ್ಲಿ ಗುಂಡಿ ಹಾಗೆಯೇ ಇದೆ. ದೋನ್ಯ ಪ್ರಾಕ್ಸೆದೆಸ್ ಬೇಲಿಯ ಬಳಿ ಬಂದು ನಿಂತಳು. ಅವಳಿಗೂ ಎಲ್ಲವನ್ನೂ ಹೇಳಿದೆನು. ಅವಳು, "ಒಂದು ಮಾತು ಮುಂಚೆ ಹೇಳಬಾರದಿತ್ತಾ ಯಜಮಾನ್ರೆ? ಬೇರು ಕಡಿದವರಲ್ಲಿ ನಾನೂ ಒಬ್ಬಳು" ಎಂದು ಶಾಲಿನಿಂದ ಮುಖ ಮುಚ್ಚಿಕೊಂಡಳು. ಮಂಡಳಿಗೆ ಬರೆದುಕೊಟ್ಟೆನು. ಎರಡು ಸಾಲಿನ ಉತ್ತರ ಬಂದಿದೆ: ಕಟ್ಟೆಯ ದೋಷ ಸರಿಪಡಿಸಲ್ಪಟ್ಟಿದೆ; ಹಿಂದಿನ ತೀರ್ಮಾನದ ಬಗ್ಗೆ ಹೇಳುವುದೇನೂ ಇಲ್ಲ. ಅವರು ಎತ್ತದ ಹೆಸರನ್ನು ನಾನು ಗಿರಣಿಯಲ್ಲಿ, ಅಂಗಡಿಯಲ್ಲಿ, ಚರ್ಚಿನ ಬಾಗಿಲಲ್ಲಿ ಎತ್ತುತ್ತಿದ್ದೇನೆ. ಕೇಳುವವರು ತಲೆಯಾಡಿಸುತ್ತಾರೆ. ಸಾಲುವಷ್ಟಾಯಿತೆಂದು ನನಗನಿಸುವುದಿಲ್ಲ.

ಏಕೆ ಮರೆಮಾಡಿದೆನೆಂದು ನೀವು ಕೇಳಿಲ್ಲ. ಮಗಳ ಪ್ರಾಣಕ್ಕೆ ಕೊಟ್ಟ ಹರಕೆ ಮತ್ತೊಬ್ಬರ ಹೊಲವನ್ನು ಒಣಗಿಸಿತೆಂದು ಒಪ್ಪಿದರೆ, ಕೊಟ್ಟ ಪ್ರಾಣವನ್ನು ದೇವರು ಹಿಂದಕ್ಕೆ ಕೇಳುವನೆಂದು ಹೆದರಿದೆನು. ಇಷ್ಟು ವರ್ಷ ಪ್ರಾರ್ಥಿಸಿ ದೇವರನ್ನು ನಾನು ಅರಿತದ್ದು ಇಷ್ಟೇ. ಒತೀಲಿಯ ನನ್ನೊಡನೆ ಮಾತನಾಡುವುದನ್ನು ಬಿಟ್ಟಿದ್ದಾಳೆ. ನೀವು ದಕ್ಷಿಣದ ಸೇಬಿನ ತೋಟಗಳಲ್ಲಿ ಕೂಲಿಗಿದ್ದೀರೆಂದು ಅವಳಿಗೆ ಗೊತ್ತು. ಲಕೋಟೆಯ ಮೇಲಿನ ವಿಳಾಸ ಅವಳ ಕೈಬರಹ. ಈ ಪತ್ರವೂ ಚೀಲಗಳಂತೆ ಬಿಚ್ಚದೆಯೇ ಹಿಂದಿರುಗಿದರೆ, ಅದು ನ್ಯಾಯವೆಂದೇ ತಿಳಿಯುವೆನು.

ನಿಮಗೂ ಕಾಸಿಲ್ದ ಅಮ್ಮನವರಿಗೂ ದೇವರು ನೆರಳಿರುವ ಮನೆಯನ್ನು ಕೊಡಲಿ. ಅದರ ಹಿತ್ತಿಲಿನಲ್ಲಿ ಯಾರೂ ತೋಡದಿರಲಿ. ಗುದ್ದಲಿ ಹಿಡಿದ ಹನ್ನೊಂದು ಜನರಿಗೂ, ಗಿರಣಿಯಲ್ಲಿ ನಕ್ಕವರಿಗೂ, ಎರಡು ಸಾಲಿನಲ್ಲಿ ಉತ್ತರಿಸಿದವರಿಗೂ ಅವನು ಶಾಂತಿಯನ್ನೀಯಲಿ. ನನ್ನ ತುದಿಯನ್ನೂ ಸತ್ಯದ ತುದಿಯನ್ನೂ ಒಂದೇ ಕೈಯಲ್ಲಿ ಹಿಡಿಯಬೇಕಾಗಿ ಬಂದ ಒತೀಲಿಯಳ ಕೈ ನಡುಗದಿರಲಿ. ನಮ್ಮ ನಂತರ ಈ ಗೆರೆಗಳನ್ನು ಓದುವವರ ಕಣ್ಣುಗಳನ್ನು ಅವನು ಕಾಯಲಿ, ಕೊನೆಯ ಹೊಲದವರೆಗೂ ನೀರು ಮುಟ್ಟಲಿ. ನನ್ನನ್ನು ಅಳೆಯುವಾಗ ಅವನು ದಾರವನ್ನು ಬಂಡೆಗೇ ಕಟ್ಟಲಿ. ಕರುಣೆಯಿದ್ದರೆ ಆಮೇಲೆ ತೋರಲಿ. ಆಮೆನ್.